ವಸ್ತಿ ಬಸ್ಸಿಗೊಂದು ಹಾಡು

ಹಿಂದೂಸ್ತಾನಿ ಗಾಯನದ ಖಯಾಲ್ ಶೈಲಿ ಕಲಿಯುವವರಿಗೆ ಮಾತಿನ ಹಂಗು ಕಡಿಮೆ. ಬಂದಿಶ್ ಎನ್ನುವ ಎರಡು ಸಾಲಿನ ರಚನೆ ಹಿಡಿದು ಅರ್ಧ ಗಂಟೆ ಹಾಡಬಹುದು. ‘ಪಿಯಾ’ ಎಂದಿರಲಿ, ‘ಸಖಿ’ ಎಂದಿರಲಿ, ಎದುರು ಕುಳಿತವರು ಕಾಯುವುದು ನಿಷಾದ ಸ್ವರ ಹೇಗೆ ತಗಲುತ್ತದೆ, ತಾಳದ ಮೊದಲ ಹೊಡೆತವಾದ ಸಮಕ್ಕೆ ಹಾಡುವವಳು ಹೇಗೆ ಬಂದು ಇಳಿಯುತ್ತಾಳೆ ಎಂದು. ಧಾರವಾಡದಲ್ಲಿ ಹುಟ್ಟಿ, ಇಲ್ಲಿಯೇ ಗುರುಗಳ ಮನೆಯ ಚಾಪೆಯ ಮೇಲೆ ಕುಳಿತು ಕಲಿತ ನನಗೆ ಇದು ಸಹಜವೆನ್ನಿಸಿಬಿಟ್ಟಿತ್ತು. ‘ಬಲಮಾ’ ಎನ್ನುವಾಗ ಯಾವ ಬಲಮನೂ ನನ್ನ ಕಣ್ಣ ಮುಂದೆ ಬಂದವನಲ್ಲ; ‘ಆ’ಕಾರ ಎಳೆದು ಬಿಚ್ಚಲು ಅನುಕೂಲವಾದ ಒಂದು ‘ಮಾ’ ಸಿಗುತ್ತಿತ್ತು, ಅಷ್ಟೇ. ಹಾಗಾಗಿ ಸ್ವಂತದ್ದೊಂದು ಕನ್ನಡ ಹಾಡು ಬರೆದು, ರಾಗ ಹಾಕಿ, ಧ್ವನಿಮುದ್ರಿಸಿ ಹೊರಗೆ ಬಿಡಬೇಕೆಂದು ಹೊರಟಾಗ ನನ್ನನ್ನು ಸತಾಯಿಸಿದ್ದೆಲ್ಲ ಮಾತೇ. ಸ್ವರ ಅಷ್ಟು ಕಾಡಲಿಲ್ಲ.

ಸ್ವಂತ ಸಾಹಿತ್ಯವೇ ಏಕೆ ಬೇಕಿತ್ತು ಎಂದು ಕೇಳಿದವರಿದ್ದಾರೆ. ನಮ್ಮ ಸುಗಮ ಸಂಗೀತದ ಪದ್ಧತಿಯಲ್ಲಿ ಕವಿಗಳು ಬರೆದಿರುತ್ತಾರೆ, ಹಾಡುವವರು ರಾಗ ಹಾಕುತ್ತಾರೆ. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಎಲ್ಲರೂ ನಡೆದದ್ದು ಈ ಹಾದಿಯಲ್ಲಿಯೇ. ನಾನೂ ಕಾಲೇಜಿನ ಸ್ಪರ್ಧೆಗೆ ಬೇಂದ್ರೆಯವರ ಒಂದು ಕವಿತೆಗೆ ರಾಗ ಹಾಕಿ ಹಾಡಿದ್ದೆ, ಬಹುಮಾನವೂ ಬಂದಿತ್ತು. ಅದನ್ನೇ ಮುದ್ರಿಸಿ ಹೊರಗೆ ಬಿಡೋಣವೆಂದುಕೊಂಡಾಗ ಕಾನೂನು ಓದುತ್ತಿರುವ ಗೆಳತಿ ತಡೆದಳು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಿಡಿದು 60 ವರ್ಷ ಹಕ್ಕು ಜೀವಂತವಾಗಿರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಅಂದರೆ 2041 ಮುಗಿಯುವವರೆಗೆ ಅನುಮತಿಯಿಲ್ಲದೆ ಆ ಕವಿತೆಯನ್ನು ನನ್ನ ಹಾಡಾಗಿ ಬಿಡುವಂತಿಲ್ಲ. ಅನುಮತಿ ಕೇಳಬಹುದಿತ್ತು. ಕೇಳುವ ಧೈರ್ಯ ಬರಲಿಲ್ಲ ಎನ್ನುವುದು ಅರ್ಧ ಸತ್ಯ. ಉಳಿದರ್ಧ, ಸಾಧನಕೇರಿಯ ಊರಿನಲ್ಲಿ ಇದ್ದುಕೊಂಡು ಸದಾ ಅವರ ನೆರಳಿನಲ್ಲಿಯೇ ಹಾಡುವುದು ನನಗೆ ಸ್ವಲ್ಪ ಸಾಕಾಗಿತ್ತು. ಇದನ್ನು ಊರಿನ ಹಿರಿಯರ ಎದುರು ಹೇಳುವ ಹುಚ್ಚು ನನಗಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ರಾಗ ಮೊದಲು ಬಂತು. ಭೀಮಪಲಾಸಿ. ಆರೋಹದಲ್ಲಿ ರಿಷಭ, ಧೈವತ ಬಿಟ್ಟು, ಕೋಮಲ ನಿಷಾದದಿಂದ ಷಡ್ಜ ಮುಟ್ಟಿ, ಕೋಮಲ ಗಾಂಧಾರದಿಂದ ಮಧ್ಯಮಕ್ಕೆ ಒರಗುವ ಆ ನಡೆ ನನ್ನ ಬಾಯಿಗೆ ತಾನಾಗಿ ಬರುತ್ತದೆ. ಪಾತ್ರೆ ತೊಳೆಯುವಾಗಲೂ ಅದನ್ನೇ ಗುನುಗುತ್ತೇನೆ. ಅದಕ್ಕೆ ಮಾತು ಹೊಂದಿಸಲು ಕುಳಿತಾಗ ಬಂದವೆಲ್ಲ ಎಲ್ಲರಿಗೂ ಬರುವ ಪದಗಳು: ಕನಸು, ಮೌನ, ಬೆಳದಿಂಗಳು, ಕಾಡುವ ನೆನಪು. ಎರಡು ಪುಟ ತುಂಬಿದವು. ಓದಿದರೆ ಯಾರು ಬರೆದಿದ್ದರೂ ಹೀಗೆಯೇ ಇರುತ್ತಿತ್ತು ಎನ್ನುವಂತಿತ್ತು. ಆ ಹಾಳೆಗಳು ಈಗ ಹಾರ್ಮೋನಿಯಂ ಪೆಟ್ಟಿಗೆಯ ಅಡಿಯಲ್ಲಿ ಅಲುಗಾಡದಂತೆ ಆಸರೆಯಾಗಿವೆ.

ನಿಜವಾದ ಸಾಲು ಕೊಟ್ಟವಳು ಅವ್ವ. ಚಿಕ್ಕಮ್ಮನ ಜೊತೆ ಫೋನಿನಲ್ಲಿ ಯಾವುದೋ ಹಳೆಯ ಕಥೆ ಹೇಳುತ್ತಿದ್ದಳು: “ಅವತ್ತು ಇವರು ವಸ್ತಿ ಬಸ್ಸಿಗೆ ಹೋಗಿದ್ದರು, ಮನೆಯಲ್ಲಿ ನಾನು, ಈ ಹುಡುಗಿ ಇಬ್ಬರೇ.” ನಾನು ಪಕ್ಕದಲ್ಲಿ ತೊಡೆಯ ಮೇಲೆ ಏಳು ಮಾತ್ರೆಯ ರೂಪಕ ತಾಳ ಹಾಕಿಕೊಂಡು ಕುಳಿತಿದ್ದೆ. ವಸ್ತಿ, ಬಸ್ಸಿಗೆ. ಮೂರು, ನಾಲ್ಕು. ತಾಳದೊಳಗೆ ಸರಿಯಾಗಿ ಕುಳಿತುಬಿಟ್ಟಿತು.

ಉತ್ತರ ಕರ್ನಾಟಕದ ಹೊರಗಿನವರಿಗೆ ಒಂದು ಮಾತು. ಸಂಜೆ ಪಟ್ಟಣದಿಂದ ಹೊರಟು ರಾತ್ರಿ ಹಳ್ಳಿ ಮುಟ್ಟಿ, ಅಲ್ಲಿಯೇ ತಂಗಿ, ಬೆಳಗಿನ ಜಾವ ಹಾಲಿನ ಕ್ಯಾನು, ಕಾಲೇಜು ಮಕ್ಕಳು, ದವಾಖಾನೆಗೆ ಹೊರಟ ಮುದುಕರನ್ನು ಹತ್ತಿಸಿಕೊಂಡು ಮರಳುವ ಬಸ್ಸಿಗೆ ನಮ್ಮ ಕಡೆ ವಸ್ತಿ ಬಸ್ ಎನ್ನುತ್ತಾರೆ. ಅಪ್ಪ ಕಂಡಕ್ಟರ್. ಈಗ ನಿವೃತ್ತರು. ನಾನು ಚಿಕ್ಕವಳಿದ್ದಾಗ ಕಲಘಟಗಿ ಕಡೆಯ ಒಂದು ಹಳ್ಳಿಯ ವಸ್ತಿ ಬಸ್ಸಿಗೆ ಅವರನ್ನು ಹಾಕುತ್ತಿದ್ದರು. ಒಂದು ರಾತ್ರಿ ಅಪ್ಪ ಇರುತ್ತಿದ್ದರು, ಒಂದು ರಾತ್ರಿ ಇರುತ್ತಿರಲಿಲ್ಲ; ನಮ್ಮ ಮನೆಯ ಪಂಚಾಂಗವೇ ಅದು.

ಹೈಸ್ಕೂಲಿನಲ್ಲಿ ಅಂಕಕ್ಕಾಗಿ ಪ್ರಸ್ತಾರ ಹಾಕಿ ಗಣ ವಿಂಗಡಿಸಿದ್ದು ಜೀವನದಲ್ಲಿ ಉಪಯೋಗಕ್ಕೆ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಭಾಮಿನಿ ಷಟ್ಪದಿಯ ಸಾಲಿನ ನಡೆ ಮೂರು-ನಾಲ್ಕು, ಮೂರು-ನಾಲ್ಕು. ಕುಮಾರವ್ಯಾಸನ ಭಾರತ ಓಡುವುದೇ ಆ ನಡೆಯ ಮೇಲೆ. ರೂಪಕದ ಏಳು ಮಾತ್ರೆ ಮೂರು, ಎರಡು, ಎರಡು ಎಂದು ಒಡೆಯುತ್ತದೆ. ಎರಡೂ ಒಂದರ ಮೇಲೊಂದು ಕೂರುತ್ತವೆ. ನೋಟ್‌ಬುಕ್ಕಿನಲ್ಲಿ ಲಘು-ಗುರು ಗುರುತು ಹಾಕುತ್ತಾ ಬರೆಯತೊಡಗಿದೆ. ಹೀಗೆ ಬರೆದರೆ ಕವಿತೆ ಸಾಯುತ್ತದೆ ಎಂದು ಹೆದರಿದ್ದೆ. ಆದದ್ದು ಬೇರೆ. ಎಣಿಕೆಗೆ ಹೊಂದದ ‘ಬೆಳದಿಂಗಳು’ ಹೊರಗೆ ಹೋಯಿತು, ಹೊಂದುವ ‘ಬುತ್ತಿ’ ಒಳಗೆ ಬಂತು.

ಮೊದಲು ಬರೆದದ್ದು ಹೀಗಿತ್ತು: ‘ವಸ್ತಿ ಬಸ್ಸಿಗೆ ಹೋದ ಅಪ್ಪನ, ಬುತ್ತಿ ಗಂಟಲಿ ನಾಳೆ ಬೆಳಗಿದೆ.’ ನನಗೆ ಬಹಳ ಮೆಚ್ಚುಗೆಯಾಗಿತ್ತು. ಅವ್ವನಿಗೆ ಹಾಡಿ ತೋರಿಸಿದೆ. “ಗಂಟಲಿಗೆ ಏನಾಯಿತು ಅವರಿಗೆ?” ಎಂದಳು. ಬುತ್ತಿಯ ಗಂಟು ಎಂದು ವಿವರಿಸಿದೆ. “ಗಂಟು ಎಲ್ಲಿತ್ತು, ಚೀಲವಿತ್ತು. ಬೆಳಗೂ ಇರಲಿಲ್ಲ, ಎರಡು ರೊಟ್ಟಿ, ಶೇಂಗಾ ಚಟ್ನಿ ಹಾಕಿ ಕೊಡುತ್ತಿದ್ದೆ” ಎಂದು ಒಗ್ಗರಣೆಗೆ ತಿರುಗಿದಳು. ಅವಳು ಹೇಳಿದ್ದನ್ನೇ ಮಾತ್ರೆಗೆ ಕೂರಿಸಿದೆ:

ವಸ್ತಿ ಬಸ್ಸಿಗೆ ಹೋದ ಅಪ್ಪನ
ಬುತ್ತಿ ಚೀಲದಿ ಎರಡು ರೊಟ್ಟಿಯು
ಶೇಂಗ ಚಟ್ನಿಯ ಜೊತೆಗೆ ನಾಳೆಯು
ಸೀಟಿ ಎರಡಕೆ ಊರು ದಾಟಿತು

‘ನಾಳೆ’ಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಚಟ್ನಿಯ ಪಕ್ಕ ಇಟ್ಟೆ.

ಎರಡನೆಯ ನುಡಿಗೆ ಅಪ್ಪನನ್ನು ಕೂರಿಸಿಕೊಂಡು ಕೇಳಿದೆ. ಹಳ್ಳಿಯಲ್ಲಿ ಎಲ್ಲಿ ಮಲಗುತ್ತಿದ್ದಿರಿ? ಡ್ರೈವರ್ ಬಸ್ಸಿನ ಹಿಂದಿನ ಉದ್ದದ ಸೀಟಿನಲ್ಲಿ, ಅಪ್ಪ ಸೆಕೆಯಿದ್ದರೆ ಗುಡಿಯ ಕಟ್ಟೆಯ ಮೇಲೆ. ಹಣದ ಚೀಲ? “ತಲೆಯ ಕೆಳಗೆ. ಅದರ ಮೇಲೆಯೇ ತಲೆ ಇಟ್ಟು ಮಲಗಬೇಕು, ಬೆಳಗ್ಗೆ ಡಿಪೋದಲ್ಲಿ ಲೆಕ್ಕ ಕೊಡಬೇಕಲ್ಲ.” ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಇದನ್ನು ನಾನು ಕೇಳಿರಲಿಲ್ಲ. ‘ಹಣದ ಚೀಲವೆ ತಲೆಗೆ ದಿಂಬದು’ ಎಂಬ ಸಾಲು ಆಗಲೇ ಆಯಿತು. ಮುಂದಿನದು ‘ಗುಡಿಯ ಕಟ್ಟೆಗೆ ಮಂಜು ಹಾಸಿಗೆ’ ಎಂದು ಹೆಮ್ಮೆಯಿಂದ ಓದಿದೆ. ಅಪ್ಪ ಕನ್ನಡಕ ಮೇಲೇರಿಸಿ ನೋಡಿದರು. “ಮಂಜು ಎಲ್ಲಿಯದವ್ವಾ, ಸೊಳ್ಳೆ!” ‘ಗುಡಿಯ ಕಟ್ಟೆಗೆ ಸೊಳ್ಳೆ ಕಾವಲು’ ಎಂದು ತಿದ್ದಿದೆ. ಇಡೀ ಹಾಡಿನಲ್ಲಿ ಕೇಳಿದವರೆಲ್ಲ ನಗುವ ಜಾಗ ಅದೊಂದೇ. ಅದರ ಶ್ರೇಯ ನನ್ನದಲ್ಲ.

ಮಾತು ಸಿಕ್ಕಿತು, ರಾಗ ಇತ್ತು. ಕೂಡಿಸಿ ಹಾಡಿದರೆ ಕನ್ನಡವೇ ಕೇಳಿಸುತ್ತಿರಲಿಲ್ಲ. ನಾನು ಕಟ್ಟಿದ್ದ ಧಾಟಿಯಲ್ಲಿ ಎರಡನೆಯ ಸಾಲಿನ ತಾರ ಷಡ್ಜ, ಅಂದರೆ ಮೇಲಿನ ‘ಸ’, ‘ಎರಡು’ ಪದದ ‘ಎ’ ಮೇಲೆ ಬೀಳುತ್ತಿತ್ತು. ತಾರ ಷಡ್ಜವೆಂದ ಮೇಲೆ ನಿಲ್ಲಬೇಕು, ಕಲಿತದ್ದೇ ಹಾಗೆ. ನಿಂತರೆ ‘ಏರಡು’ ಆಗುತ್ತದೆ. ಸರಿ, ‘ರೊಟ್ಟಿ’ಯ ಮೇಲೆ ನಿಲ್ಲೋಣವೆಂದರೆ ‘ರೋಟ್ಟಿ’. ‘ಬಸ್ಸಿಗೆ’ಯಲ್ಲಂತೂ ನಿಲ್ಲುವ ಮಾತೇ ಇಲ್ಲ. ಬಂದಿಶ್‌ನಲ್ಲಿ ಯಾವ ಸ್ವರಾಕ್ಷರವನ್ನು ಎಷ್ಟು ಎಳೆದರೂ ಯಾರೂ ಕೇಳುವುದಿಲ್ಲ, ಕೇಳುವವರಿಗೂ ಎಳೆಯಬೇಕೆಂದೇ ಆಸೆ. ಕನ್ನಡದಲ್ಲಿ ಹ್ರಸ್ವ ಎಳೆದರೆ ಮನೆಯವರೇ ತಿರುಗಿ ನೋಡುತ್ತಾರೆ. ಸಾಲುಗಳನ್ನು ಮತ್ತೆ ಮತ್ತೆ ಮಾತಿನಂತೆ ಹೇಳಿಕೊಂಡು, ಎಲ್ಲಿ ತಾನಾಗಿ ಉದ್ದವಾಗುತ್ತದೆ ಎಂದು ಗುರುತು ಹಾಕಿದೆ: ಹೋದ, ಚೀಲ, ಶೇಂಗ, ನಾಳೆ, ಸೀಟಿ, ಊರು, ದಾಟಿತು. ನಿಲ್ಲಲು ಇಷ್ಟೇ ಜಾಗ. ಧಾಟಿಯನ್ನು ಬಿಚ್ಚಿ, ತಾರ ಷಡ್ಜವನ್ನು ‘ನಾಳೆ’ಯ ‘ನಾ’ಗೆ ಒಯ್ದೆ. ‘ಹೋದ’ದ ‘ಹೋ’ ಮೇಲೆ ಮಧ್ಯಮದಲ್ಲಿ ಒಂದು ಉದ್ದ ನಿಲುಗಡೆ. ಆಮೇಲೆ ನೋಡಿದರೆ ಹಾಡಿನಲ್ಲಿ ಎದೆ ಭಾರವಾಗುವ ಎರಡು ಪದಗಳೂ ಅವೇ. ನಾನು ಯೋಜಿಸಿ ಮಾಡಿದ್ದಲ್ಲ, ದೀರ್ಘಾಕ್ಷರ ಎಲ್ಲಿತ್ತೋ ಅಲ್ಲಿಗೆ ಹೋಗಿದ್ದೆ ಅಷ್ಟೇ.

ಗುರುಗಳಿಗೆ ಹಾಡಿ ಕೇಳಿಸಲು ಹೆದರಿಕೆಯಿತ್ತು. ಸುಗಮ ಸಂಗೀತವೆಂದರೆ ಮುಖ ಸಿಂಡರಿಸುವ ಹಿರಿಯರು ನಮ್ಮೂರಿನಲ್ಲಿ ಕಡಿಮೆಯೇನಿಲ್ಲ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. “ಆರು ಗಂಟೆಯ ಬಸ್ಸಿಗೆ ಮೂರು ಗಂಟೆಯ ರಾಗ ಹಾಕಿದ್ದೀಯಲ್ಲ ತಂಗಿ” ಎಂದರು. ಭೀಮಪಲಾಸಿ ಮಧ್ಯಾಹ್ನದ ರಾಗ. “ಅಪ್ಪ ಡ್ಯೂಟಿಗೆ ಮನೆ ಬಿಡುತ್ತಿದ್ದದ್ದು ಮೂರಕ್ಕೇ, ಗುರುಗಳೇ” ಎಂದೆ. ಜೋರಾಗಿ ನಕ್ಕರು. ಆಮೇಲೆ ಹೇಳಿದ್ದು ಮಾತ್ರ ನಗುವಿನದಲ್ಲ: “ಮನ್ಸೂರರು ವಚನ ಹಾಡಿದ್ದನ್ನು ಕೇಳು. ರಾಗಕ್ಕಾಗಿ ಕೇಳಬೇಡ, ಅಕ್ಷರಕ್ಕಾಗಿ ಕೇಳು.” ಮಲ್ಲಿಕಾರ್ಜುನ ಮನ್ಸೂರರ ಅಪರೂಪದ ರಾಗಗಳಿಗಾಗಿ ಅವರ ಮುದ್ರಿಕೆಗಳನ್ನು ಎಷ್ಟೋ ಸಲ ಕೇಳಿದ್ದೆ. ಈಗ ವಚನಗಳನ್ನು ಪೆನ್ಸಿಲ್ ಹಿಡಿದು ಕೇಳಿದೆ. ಜೈಪುರ ಘರಾಣೆಯ ಅಷ್ಟು ಕಠಿಣ ತಾಲೀಮಿನ ಕಂಠ ವಚನಕ್ಕೆ ಬಂದಾಗ ಮಾತನ್ನು ಮೊದಲು ಪೂರ್ತಿ ನುಡಿದು, ಆಮೇಲೆ ಅದರ ಬಾಲದಲ್ಲಿ ಆಡುತ್ತದೆ. ಪದವನ್ನು ಮಧ್ಯದಲ್ಲಿ ಸೀಳುವುದಿಲ್ಲ. ನನ್ನ ಅಲಂಕಾರಗಳೆಲ್ಲ ಪದದ ನಡುವೆ ತುಂಬಿದ್ದವು. ಅವನ್ನು ಒಂದೊಂದಾಗಿ ಸಾಲಿನ ತುದಿಗೆ ಸಾಗಿಸುವುದಕ್ಕೆ ಮಳೆಗಾಲದ ಬಹುಪಾಲು ಹಿಡಿಯಿತು.

ಗಿಟಾರ್ ನುಡಿಸುವ ಗೆಳೆಯನದು ಇನ್ನೊಂದು ಪಂಚಾಯಿತಿ. ನನ್ನ ಷಡ್ಜ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಆರು. ಗಿಟಾರಿನವರ ಲೆಕ್ಕದಲ್ಲಿ ಎ. ಅವನು ಎ ಮೈನರ್ ಹಿಡಿದು ಆರಂಭಿಸಿದ, ಚೆನ್ನಾಗಿತ್ತು. ಸಾಲು ಮುಗಿದು ಪಲ್ಲವಿಗೆ ಮರಳುವ ಜಾಗದಲ್ಲಿ ಅಭ್ಯಾಸಬಲದಿಂದ ಇ ಮೇಜರ್ ಹಾಕಿದ. ನನ್ನ ಕಿವಿಗೆ ರಾಗವೇ ಬದಲಾಯಿತು. ಇ ಮೇಜರಿನೊಳಗೆ ಜಿ ಶಾರ್ಪ್ ಇದೆ, ಅದು ನನ್ನ ಶುದ್ಧ ನಿಷಾದ. ಭೀಮಪಲಾಸಿಯ ಕೋಮಲ ನಿಷಾದ ತೆಗೆದು ಶುದ್ಧ ನಿಷಾದ ಇಟ್ಟರೆ ಅದು ಪಟದೀಪ್. ಅವನಿಗೆ ಇದು ಮಡಿವಂತಿಕೆಯೆನ್ನಿಸಿತು: “ಆ ಸ್ವರವೇ ಮನೆಗೆ ಎಳೆದುಕೊಂಡು ಬರುವುದು, ಅದಿಲ್ಲದಿದ್ದರೆ ಮರಳಿದಂತೆ ಅನ್ನಿಸುವುದಿಲ್ಲ.” ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಈ ಹಾಡಿನಲ್ಲಿ ಅಪ್ಪ ಮನೆಗೆ ಮರಳುವುದು ಬೆಳಗ್ಗೆ, ರಾತ್ರಿಯಿಡೀ ಹೊರಗೇ. ಹಾಗೆಂದು ವಾದಿಸಿ ಇ ಮೈನರ್ ಹಾಕಿಸಿದೆ, ಅದರಲ್ಲಿ ಜಿ ಇದೆ, ಕೋಮಲ ನಿಷಾದ. ಕೊನೆಯ ಸಾಲಿನಲ್ಲಿ ಬೆಳಗಾದ ಮೇಲೆ ಒಂದೇ ಒಂದು ಸಲ ಅವನ ಇ ಮೇಜರ್ ಬರುತ್ತದೆ. ಶುದ್ಧವಾದಿಗಳು ಕ್ಷಮಿಸದಿದ್ದರೆ ಬೇಡ. ಆ ಜಾಗ ಈಗ ನನಗೂ ಇಷ್ಟ.

ಸ್ಟುಡಿಯೋಗೆ ಹೋಗಲಿಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಮುದ್ರಿಸಿದೆವು. ಕಂಡೆನ್ಸರ್ ಮೈಕು, ದನಿಯನ್ನು ಲ್ಯಾಪ್‌ಟಾಪಿಗೆ ಒಯ್ಯುವ ಎರಡು ಇನ್‌ಪುಟ್‌ಗಳ ಫೋಕಸ್‌ರೈಟ್ ಸ್ಕಾರ್ಲೆಟ್ ಪೆಟ್ಟಿಗೆ ಗೆಳೆಯನವು. ಲ್ಯಾಪ್‌ಟಾಪು ನನ್ನದು, ಹಳೆಯದು. ಮುದ್ರಿಸಲು ರೀಪರ್ ತಂತ್ರಾಂಶ. 60 ದಿನ ಹಣ ಕೊಡದೆ ಬಳಸಿ ನೋಡಲು ಬಿಡುತ್ತದೆ.

ಕೋಣೆಗೆ ಸಿಮೆಂಟಿನ ಗೋಡೆ, ಕಡಪಾ ಕಲ್ಲಿನ ಕಟ್ಟೆ. ಚಪ್ಪಾಳೆ ತಟ್ಟಿದರೆ ಚುರ್ ಎಂದು ಮರುದನಿ ಬರುತ್ತಿತ್ತು. ಅಂತಹ ಮರುದನಿ ಮುದ್ರಣದೊಳಗೆ ಸೇರಿಕೊಂಡರೆ ಆಮೇಲೆ ತೆಗೆಯಲಾಗುವುದಿಲ್ಲ. ಮಾರುಕಟ್ಟೆಯಲ್ಲಿ ಅದಕ್ಕೆಂದೇ ಸಿಗುವ ಫೋಮಿನ ಬದಲು ಅವ್ವನ ಕೌದಿಗಳನ್ನು ಇಳಿಬಿಟ್ಟೆವು. ಹಳೆಯ ಇಳಕಲ್ ಸೀರೆ, ಧೋತರ, ನನ್ನ ಶಾಲೆಯ ಲಂಗ, ಎಲ್ಲ ಪದರು ಪದರಾಗಿ ಸೇರಿಸಿ ಹೊಲಿದ ಕೌದಿ ದಪ್ಪಗಿರುತ್ತದೆ, ಎತ್ತರದ ದನಿಗಳನ್ನು ಚೆನ್ನಾಗಿ ಹೀರುತ್ತದೆ. ಮಂದ್ರದ ಗುಂಯ್ ಎನ್ನುವ ಸದ್ದಿಗೆ ಅದು ಸಾಲದು. ಅದಕ್ಕೆ ಮೂಲೆಯಲ್ಲಿ ಗಾದಿಗಳನ್ನು ಸುತ್ತಿ ನಿಲ್ಲಿಸಿದೆವು. ಹಗ್ಗಕ್ಕೆ ಕೌದಿ ಹಾಕಿ ನಡುವೆ ನಿಂತಾಗ ನನ್ನ ಉಸಿರೇ ನನಗೆ ದೊಡ್ಡದಾಗಿ ಕೇಳಿಸಿ ಮೊದಲ ದಿನ ಕಂಠ ಬಿಚ್ಚಲೇ ಇಲ್ಲ. ಗುರುಗಳ ಮನೆಯಲ್ಲಿ ತಂಬೂರಿ ತುಂಬಿಕೊಂಡ ಕೋಣೆಯಲ್ಲಿ ಹಾಡಿದವಳಿಗೆ ಸತ್ತ ಗಾಳಿಯಲ್ಲಿ ಹಾಡುವುದು ಬಹಳ ಕಷ್ಟ.

ಮೈಕಿನ ಹತ್ತಿರ ಹೋದಷ್ಟೂ ದನಿಗೆ ಮಂದ್ರದ ತೂಕ ಬರುತ್ತದೆ. ಅದು ಈ ಜಾತಿಯ ಮೈಕುಗಳ ಸ್ವಭಾವ. ಹತ್ತಿರ ನಿಂತು ಹಾಡುವುದು ಹಿತವಾಗಿತ್ತು, ಆದರೆ ನಾನು ಬರೆದಿರುವ ಪದಗಳನ್ನು ನೋಡಿ: ಬಸ್ಸು, ಅಪ್ಪ, ಬುತ್ತಿ, ದಿಂಬು. ಒಂದೊಂದು ಪ-ಬಕ್ಕೂ ಬಾಯಿಂದ ಗಾಳಿ ಹೊರಟು ಮೈಕಿಗೆ ಬಡಿದು ಧಬ್ ಎನ್ನುತ್ತಿತ್ತು. ಅವ್ವನ ಕಸೂತಿಯ ಮರದ ರಿಂಗಿಗೆ ಹಳೆಯ ನೈಲಾನ್ ಕಾಲುಚೀಲ ಬಿಗಿದು ಮೈಕಿನ ಮುಂದೆ ಕಟ್ಟಿದೆವು. ಮೈಕಿಗೆ ನೇರ ಹಾಡದೆ ಸ್ವಲ್ಪ ಓರೆಯಾಗಿ, ಒಂದು ಗೇಣು ದೂರದಲ್ಲಿ ನಿಂತ ಮೇಲೆ ‘ಅಪ್ಪ’ ಅಪ್ಪನಾಗಿ ಕೇಳಿಸಿದರು.

ಇನ್ನೊಂದು ಕಾಟ ತಡ. ಹಳೆಯ ಲ್ಯಾಪ್‌ಟಾಪು ತಡವರಿಸದಿರಲೆಂದು ದನಿಯನ್ನು ಕಂತು ಕಂತಾಗಿ ತುಂಬಿಕೊಳ್ಳುವ ಬಫರನ್ನು 1024 ಮಾದರಿಗಳಿಗೆ ಏರಿಸಿದ್ದೆವು. ಸೆಕೆಂಡಿಗೆ 44,100 ಮಾದರಿಗಳ ವೇಗದಲ್ಲಿ ಅಷ್ಟು ಮಾದರಿ ತುಂಬಲು ಒಂದು ಸೆಕೆಂಡಿನ ಸಾವಿರದಲ್ಲಿ 23 ಭಾಗ ಬೇಕು; ಹೋಗಿ ಬರುವುದಕ್ಕೆ ಇನ್ನೂ ಹೆಚ್ಚು. ಹೆಡ್‌ಫೋನಿನಲ್ಲಿ ನನ್ನದೇ ದನಿ ಹಿಂದಿನಿಂದ ಯಾರೋ ಅಣಕಿಸಿದಂತೆ ಬರುತ್ತಿತ್ತು, ಲಯ ಜಾರುತ್ತಿತ್ತು. ಪೆಟ್ಟಿಗೆಯ ಮೇಲೆ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ದನಿ ಲ್ಯಾಪ್‌ಟಾಪಿಗೆ ಹೋಗಿ ಬರುವವರೆಗೆ ಕಾಯದೆ ನೇರವಾಗಿ ಕಿವಿಗೆ ಬರುತ್ತದೆ. ಹೊಸದಾಗಿ ಮುದ್ರಿಸುವವರು ಮೊದಲು ಆ ಗುಂಡಿಯನ್ನು ಹುಡುಕಿಕೊಳ್ಳಿ.

ತಬಲಾದವನಿಗೆ ಲಯ ಎಣಿಸುವ ಮೆಟ್ರೊನೋಮಿನ ಜೊತೆ ಜಗಳವಾಯಿತು. ತಂತ್ರಾಂಶವನ್ನು ಏಳರ ಎಣಿಕೆಗೆ ಹೊಂದಿಸಿದ್ದೆ. ಅದು ಪ್ರತಿ ಆವರ್ತದ ಮೊದಲ ಹೊಡೆತವನ್ನು ಟಿಕ್ ಎಂದು ಜೋರಾಗಿ ಹೊಡೆಯುತ್ತದೆ, ಉಳಿದವನ್ನು ಮೆಲ್ಲಗೆ. ರೂಪಕದ ವಿಶೇಷವೇ ಅದರ ಸಮ ಖಾಲಿಯ ಮೇಲೆ, ಅಂದರೆ ತೂಕವಿಲ್ಲದ ಹೊಡೆತದ ಮೇಲೆ, ಬರುವುದು. ‘ತೀಂ ತೀಂ ನಾ, ಧಿಂ ನಾ, ಧಿಂ ನಾ’ ಎನ್ನುವಾಗ ಮೊದಲ ಮೂರು ಮಾತ್ರೆಗಳಲ್ಲಿ ಎಡಗೈಯ ಡಗ್ಗದ ಗುಂಕಾರ ಇರುವುದಿಲ್ಲ. ತೂಕ ಬರುವುದು ನಾಲ್ಕನೆಯದರಲ್ಲಿ. ಯಂತ್ರ ಮೊದಲನೆಯದನ್ನು ಗುದ್ದುತ್ತದೆ, ಇವನ ಕೈ ನಾಲ್ಕನೆಯದಕ್ಕೆ ಕಾಯುತ್ತದೆ. ಎರಡು ಗಂಟೆಯಾದರೂ ಒಂದು ಆವರ್ತ ಸಮಾಧಾನವಾಗಿ ಕೂರಲಿಲ್ಲ. “ಈ ಟಿಕ್ ಟಿಕ್ ನನಗೆ ಪಾಠ ಹೇಳುವುದು ಬೇಡ” ಎಂದು ಹೆಡ್‌ಫೋನ್ ಕಿತ್ತಿಟ್ಟ. ಕೊನೆಗೆ ಜೋರು ಟಿಕ್ ತೆಗೆದುಹಾಕಿ ಏಳೂ ಹೊಡೆತಗಳನ್ನು ಸಮನಾಗಿ ಮೆಲ್ಲಗೆ ಇಟ್ಟು, ಮೇಲೆ ತಂಬೂರಿ ಹಾಕಿದೆವು. ಆಗ ಒಂದೇ ಉಸಿರಿನಲ್ಲಿ ನುಡಿಸಿ ಮುಗಿಸಿದ. ಸಂಭಾವನೆ ಎರಡು ಪ್ಲೇಟು ಗಿರ್ಮಿಟ್, ನಾಲ್ಕು ಮಿರ್ಚಿ. ಹಾಡು ದುಡಿದರೆ ಪಾಲು ಕೊಡುವ ಕರಾರಿದೆ. ಅವನೂ ಅದನ್ನು ನಂಬಿಲ್ಲ, ನಾನೂ ನಂಬಿಲ್ಲ.

ಸೀಟಿ ಮುದ್ರಿಸಿದ ದಿನ ಮನೆಯೇ ಜಾತ್ರೆ. ‘ಸೀಟಿ ಎರಡಕೆ ಊರು ದಾಟಿತು’ ಎಂದ ಮೇಲೆ ನಿಜವಾದ ಸೀಟಿ ಕೇಳಿಸಬೇಕೆಂದು ಗಿಟಾರಿನವನ ಸಲಹೆ. ಅಪ್ಪ ಟ್ರಂಕಿನಿಂದ ತಮ್ಮ ಹಿತ್ತಾಳೆಯ ಸೀಟಿ ತೆಗೆದು, ಹುಣಸೆಹಣ್ಣು ಹಾಕಿ ತಿಕ್ಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ನಿಂತರು. ಅಂಗಿ ಮುದ್ರಣವಾಗುವುದಿಲ್ಲ ಎಂದು ಹೇಳುವ ಮನಸ್ಸಾಗಲಿಲ್ಲ. ಮೈಕಿನ ಎದುರು ಮೊದಲ ಸಲ ಊದಿದಾಗ ಪರದೆಯ ಮೇಲಿನ ಅಲೆ ಮೇಲೂ ಕೆಳಗೂ ಚಪ್ಪಟೆಯಾಯಿತು. ಡಿಜಿಟಲ್ ಮುದ್ರಣದಲ್ಲಿ ಸೊನ್ನೆ ಡೆಸಿಬೆಲ್ ದಾಟಿದ್ದೆಲ್ಲ ಕತ್ತರಿಸಿ ಹೋಗುತ್ತದೆ. ಗೇನ್, ಅಂದರೆ ಮೈಕಿನಿಂದ ದನಿ ಒಳಗೆ ಬರುವ ಪ್ರಮಾಣ, ತಗ್ಗಿಸಿ, ಅಪ್ಪನನ್ನು ಪಡಸಾಲೆಯ ಆಚೆ ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದೆವು. ಈಗ ಸೀಟಿ ನಾಲ್ಕು ಮನೆ ದೂರದಿಂದ ಬಂದಂತೆ ಕೇಳಿಸಿತು, ಬೇಕಾದದ್ದೂ ಅದೇ.

ತಬಲಾದವನಿಗೆ ಎರಡು ಸೀಟಿ ಲಯಕ್ಕೆ ತೊಡಕೆನ್ನಿಸಿತು. ಖಾಲಿಯ ಮೇಲೆ ಒಂದೇ ಉದ್ದ ಸೀಟಿ ಇಟ್ಟರೆ ಚೆಂದ ಎಂದ. ಅಪ್ಪ ಒಪ್ಪಲಿಲ್ಲ. “ಒಂದು ಊದಿದರೆ ಬಸ್ಸು ನಿಲ್ಲುತ್ತದೆ. ಎರಡು ಊದಿದರೆ ಹೊರಡುತ್ತದೆ. ನಿಮ್ಮ ಹಾಡಿನಲ್ಲಿ ಬಸ್ಸು ನಿಲ್ಲಬೇಕೋ, ಹೊರಡಬೇಕೋ?” ಅವನಿಗೆ ಉತ್ತರವಿರಲಿಲ್ಲ. ಎರಡು ಸೀಟಿಗಳೂ ಒಳಗೆ ಬಂದವು, ಎರಡನೆಯದು ಸಮಕ್ಕೆ ಕೂದಲೆಳೆಯಷ್ಟು ಮೊದಲೇ ಬೀಳುತ್ತದೆ. ತಂತ್ರಾಂಶದಲ್ಲಿ ಎಳೆದು ಸರಿಪಡಿಸಲು ಸಾಧ್ಯವಿತ್ತು. ಮುಟ್ಟಲಿಲ್ಲ. ಅಪ್ಪ ಸೇವೆಯುದ್ದಕ್ಕೂ ಊದಿದ್ದು ಹಾಗೆಯೇ ಇದ್ದಿರಬೇಕು.

ಮಿಕ್ಸಿಂಗ್ ಎಂಬುದು ಇಡೀ ಕೆಲಸದಲ್ಲಿ ಹೆಚ್ಚು ಬೇಸರದ್ದು. ಅದರಲ್ಲಿ ಹೇಳಬೇಕೆನ್ನಿಸುವುದು ಒಂದೇ ಸಂಗತಿ. ರಿವರ್ಬ್ ಹಾಕಿದರೆ ಕಂಠ ದೊಡ್ಡ ಸಭಾಂಗಣದಲ್ಲಿ ಹಾಡಿದಂತೆ ತುಂಬಿಕೊಳ್ಳುತ್ತದೆ, ಮೊದಲ ಹಾಡಿಗೆ ಎಲ್ಲರೂ ಧಾರಾಳವಾಗಿ ಸುರಿಯುತ್ತಾರೆ, ನಾನೂ ಸುರಿದೆ. ಮೊಬೈಲಿನ ಸ್ಪೀಕರಿನಲ್ಲಿ ಕೇಳಿದಾಗ ‘ಅಪ್ಪ’ ಮಸುಕಾಗಿದ್ದರು. ಏಕೆಂದು ಅಲೆಯನ್ನು ಹಿಗ್ಗಿಸಿ ನೋಡಿದೆ. ‘ಅಪ್ಪ’ ಎನ್ನುವಾಗ ತುಟಿ ಮುಚ್ಚಿದ ಒಂದು ಚಿಕ್ಕ ಗಳಿಗೆ ಇದೆಯಲ್ಲ, ಅಲ್ಲಿ ದನಿ ಪೂರ್ತಿ ನಿಂತಿರುತ್ತದೆ. ಪರದೆಯ ಮೇಲೆ ಅದು ಚಪ್ಪಟೆ ಗೆರೆ. ಬುತ್ತಿ, ರೊಟ್ಟಿ, ಕಟ್ಟೆ, ಇಂಥ ಒತ್ತಕ್ಷರಗಳಿಗೂ ಅಂಥದ್ದೊಂದು ಸಂದು ಇದೆ. ರಿವರ್ಬಿನ ಬಾಲ ಆ ಸಂದನ್ನೆಲ್ಲ ತುಂಬಿಬಿಟ್ಟಿತ್ತು. ಸಂದು ತುಂಬಿದರೆ ಒತ್ತು ಹೋಯಿತು, ಒತ್ತು ಹೋದರೆ ರೊಟ್ಟಿ ಹೋಯಿತು. ರಿವರ್ಬನ್ನು ಸಾಲಿನ ತುದಿಗಳಿಗೆ ಮಾತ್ರ ಉಳಿಸಿ ಒಳಗೆಲ್ಲ ಒಣಗಿಸಿದೆವು. ಗಿಟಾರಿನ ಮೂರು ಸಾವಿರ ಹರ್ಟ್ಸ್ ಸುತ್ತಲಿನ ಭಾಗವನ್ನು ಸ್ವಲ್ಪ ತಗ್ಗಿಸಿ ನನ್ನ ವ್ಯಂಜನಗಳಿಗೆ ಜಾಗ ಮಾಡಿದೆವು. ಪರೀಕ್ಷೆಗೆ ಅವ್ವನ ಅಡುಗೆಮನೆ. ಒಗ್ಗರಣೆಯ ಸದ್ದಿನ ನಡುವೆ ಮೊಬೈಲಿನಲ್ಲಿ ಹಾಕಿದಾಗ ಅವಳು ಸಾಲನ್ನು ತಪ್ಪಿಲ್ಲದೆ ತಿರುಗಿ ಹೇಳಬೇಕು. ಹೇಳಿದ ದಿನ ಕೆಲಸ ನಿಲ್ಲಿಸಿದೆವು. ಅಷ್ಟರಲ್ಲಿ ರೀಪರಿನ 60 ದಿನಗಳೂ ಮುಗಿದಿದ್ದವು, ಹಣ ಕೊಟ್ಟೆ.

ಹಾಡನ್ನು ಆ್ಯಪುಗಳಿಗೆ ತಲುಪಿಸುವ ಸೇವೆಯೊಂದರಲ್ಲಿ ಅರ್ಜಿ ತುಂಬಿದ್ದು ಅರ್ಧ ದಿನದ ಕೆಲಸ. ಮೂರು ಸಾವಿರ ಚುಕ್ಕೆ ಅಗಲ, ಅಷ್ಟೇ ಎತ್ತರದ ಮುಖಪುಟ ಚಿತ್ರ ಬೇಕು. ಹಾಡಿಗೆ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಕೇತ ಕೊಡುತ್ತಾರೆ. ಯಾವ ಮುದ್ರಿಕೆ ಎಷ್ಟು ಸಲ ಕೇಳಿಸಿತು ಎಂಬ ಲೆಕ್ಕ ಅದರ ಮೇಲೆ. ಸಾಹಿತ್ಯ, ಸಂಗೀತ ಯಾರದು ಎಂಬ ಅಂಕಣದಲ್ಲಿ ನನ್ನ ಹೆಸರು ಎರಡು ಸಲ ಟೈಪು ಮಾಡುವಾಗ ಸ್ವಲ್ಪ ನಾಚಿಕೆಯೂ, ಸ್ವಲ್ಪ ಜಂಬವೂ ಆಯಿತು. ಪ್ರಕಾರ ಆಯ್ಕೆ ಮಾಡಿ ಎಂದಲ್ಲಿ ಪಾಪ್ ಇತ್ತು, ಫೋಕ್ ಇತ್ತು, ನಾನು ಕೇಳಿಯೇ ಇರದ ಇನ್ನೂ ಏನೇನೋ ಇದ್ದವು, ಭಾವಗೀತೆ ಇರಲಿಲ್ಲ. ಫೋಕ್ ಒತ್ತಿದೆ. ಶರೀಫರ ಸೀಮೆಯವಳು, ಅಷ್ಟು ಸುಳ್ಳು ನಡೆಯುತ್ತದೆ.

ಕೇಳಿದವರು ಸಾವಿರಗಟ್ಟಲೆ ಏನಿಲ್ಲ. ಕೇಳಿದವರಲ್ಲಿ ಹೆಚ್ಚಿನವರು ಅಪ್ಪನ ನಿವೃತ್ತ ಸಹೋದ್ಯೋಗಿಗಳ ವಾಟ್ಸ್ಆ್ಯಪ್ ಗುಂಪಿನವರು. ಅಪ್ಪ ಅಲ್ಲಿಗೆ ಹಾಡು ಕಳುಹಿಸಿ ಕೆಳಗೆ ‘ಸೀಟಿ: ನಾನು’ ಎಂದು ಬರೆದಿದ್ದರು. ಒಬ್ಬರು ಯಾವ ಮಾರ್ಗದ ಬಸ್ಸೆಂದು ಹಾಡಿನಲ್ಲಿ ಹೇಳಬೇಕಿತ್ತು ಎಂದರು. ಇನ್ನೊಬ್ಬರು ಸೊಳ್ಳೆಯ ಸಾಲಿಗೆ ಹತ್ತು ನಗುಮುಖ ಹಾಕಿದರು. ಆದರೆ ಅದೇ ವಸ್ತಿ ಬಸ್ಸನ್ನು ಅಪ್ಪನ ಜೊತೆ ಓಡಿಸಿದ್ದ ಡ್ರೈವರ್ ಕಾಕಾ ಗುಂಪಿನಲ್ಲಿ ಏನನ್ನೂ ಬರೆಯದೆ ನೇರವಾಗಿ ನನಗೇ ಫೋನು ಮಾಡಿದರು. ಹಾಡು ಬಹಳ ಚೆನ್ನಾಗಿದೆ ಎಂದು ಮೊದಲು ಹೊಗಳಿದರು. ಆಮೇಲೆ ಕೇಳಿದರು: “ಎಲ್ಲ ಸರಿ ಮಗಳೇ, ಡ್ರೈವರ್ ಎಲ್ಲಿ? ಬರೀ ಸೀಟಿ ಊದಿದರೆ ಊರು ದಾಟುತ್ತದೆಯೇ?”

ಅವರ ಪ್ರಶ್ನೆ ನ್ಯಾಯವಾದದ್ದೇ. ಮುಂದಿನ ತಿಂಗಳು ಹಾಡಲು ಒಂದು ಚಿಕ್ಕ ಕಾರ್ಯಕ್ರಮ ಸಿಕ್ಕಿದೆ, ಅಷ್ಟರೊಳಗೆ ಮೂರನೆಯ ನುಡಿ ಆಗಬೇಕು. ‘ಡ್ರೈವರಣ್ಣನ’ ಎಂದರೆ ಮೂರು-ನಾಲ್ಕು ಸರಿಯಾಗಿ ಹೊಂದುತ್ತದೆ, ‘ಡ್ರೈ’ ಮೇಲೆ ನಿಲ್ಲಲೂಬಹುದು. ನಾಡಿದ್ದು ಕಾಕಾನ ಮನೆಗೆ ಹೋಗಿ, ಆ ಹಿಂದಿನ ಸೀಟಿನಲ್ಲಿ ನಿದ್ದೆ ಹೇಗೆ ಬರುತ್ತಿತ್ತು ಎಂದು ಕೇಳುವುದಿದೆ.